ಬಚ್ಚಿಟ್ಟ ಎಡಗಾಲು

ಮೀನಿನ ತುಂಡುಗಳಿಗೆ ಅರಿಸಿನ ಸವರುತ್ತಿದ್ದ ಹಿರಣ್ಮಯಿಗೆ ಆ ಮನುಷ್ಯ ನೀರು ಕುಡಿದ ರೀತಿ ಮತ್ತೆ ಕಣ್ಣಿಗೆ ಕಟ್ಟಿತು. ಅವನು ಬಂದದ್ದು ಮಂಗಳವಾರ; ಇವತ್ತು ಶನಿವಾರ. ಮುಖ ಆಗಲೇ ಮಸುಕಾಗಿತ್ತು. ಗಡ್ಡವಿತ್ತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಹೇಳಲಾರಳು. ಆದರೆ ಅವನು ಲೋಟವನ್ನು ತುಟಿಗೆ ತಾಕಿಸದೆ ಎತ್ತಿ ಹೊಯ್ದುಕೊಂಡದ್ದು, ಕುಡಿದಾದ ಮೇಲೆ ಅಂಗಳದ ಕೊಳವೆಬಾವಿಯ ಹತ್ತಿರ ಹೋಗಿ ತಾನೇ ಬೂದಿ ಹಾಕಿ ತೊಳೆದದ್ದು, ತೊಳೆದ ಲೋಟವನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ ‘ಬರ್ತೀನಿ ಮಾ’ ಎಂದದ್ದು, ಇವು ಮಾತ್ರ ಮನಸ್ಸು ಬಿಟ್ಟು ಹೋಗುತ್ತಿರಲಿಲ್ಲ. ಬೇಹುಗಾರ ಲೋಟ ತೊಳೆಯುತ್ತಾನೆಯೆ? ತೊಳೆಯಬಹುದು. ಪಳಗಿದವನಾದರೆ ಅದನ್ನೂ ಕಲಿತಿರುತ್ತಾನೆ. ಹಾಗೆಂದು ತನಗೆ ತಾನೇ ಹೇಳಿಕೊಂಡು ತುಂಡುಗಳನ್ನು ಮಗುಚಿದಳು. ಗಂಡ ಹೋದ ಮೇಲೆ ಹತ್ತೊಂಬತ್ತು ವರ್ಷದಿಂದ ಮೀನನ್ನು ಬಾಯಿಗಿಡದವಳು ಅವಳು. ಚೈತ್ರದ ಈ ಹದಿನೈದು ದಿನ ಮಾತ್ರ ಹಿತ್ತಿಲ ಮಾಡಿನ ಕೆಳಗೆ ಬೇರೆ ಒಲೆ ಹೂಡಿ, ಬೇರೆ ಬಾಣಲೆ ಇಟ್ಟು, ಸಾಸಿವೆ ಅರೆದು ಮೀನು ಬೇಯಿಸುತ್ತಾಳೆ. ತಮ್ಮನ ಫುಟ್‌ಬಾಲ್ ಕ್ಲಬ್ಬಿಗಾಗಿ.

ಕೊನ್ನಗರದ ಪೇಟೆಯಲ್ಲಿ ಮೀನು ಮಾರುವ ಮಾನದಾಗೆ ಬೆಕ್ಕು ಸಾಕಿದ್ದೇನೆಂದು ಹೇಳಿದ್ದಳು. ಬೆಳಿಗ್ಗೆ ಮಾನದಾ ಕತ್ತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಲೆ ಎತ್ತದೆ ಕೇಳಿದಳು: “ಈ ಸಲದ ಬೆಕ್ಕಿಗೆ ಎಷ್ಟು ತುಂಡು, ದಿದಿಮಣಿ?”

“ನಾಲ್ಕು ಕೊಡು.”

“ನಾಲ್ಕಾ! ಹೋದ ವರ್ಷದ್ದು ಎರಡಕ್ಕೇ ಸುಸ್ತಾಗ್ತಿತ್ತು. ಇದು ಫಾರ್ವರ್ಡ್ ಆಡೋ ಬೆಕ್ಕೇ ಇರ್ಬೇಕು. ತಲೇನೂ ಹಾಕಿದೀನಿ, ಅದಕ್ಕೆ ಕಾಸು ಬೇಡ. ಜುಲೈನಲ್ಲಿ ಆ ದೊಡ್ಡೋರ ಬಲೇಲಿ ಒಂದು ಗೋಲು ತುರುಕ್ಲಿ, ನಂಗಷ್ಟೇ ಸಾಕು.”

ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ ಹೆಂಗಸರು ಸೆರಗಿನೊಳಗೆ ನಕ್ಕರು. ಇಡೀ ಬೀದಿಗೆ ಗೊತ್ತು. ಇಡೀ ಬೀದಿ ಬಾಯಿ ಬಿಡುವುದಿಲ್ಲ. ಹತ್ತು ವರ್ಷದಲ್ಲಿ ಏಳು ಆಟಗಾರರನ್ನು ಈ ಮನೆಯ ಮಹಡಿಯಲ್ಲಿ ಬಚ್ಚಿಟ್ಟಿದ್ದಾಳೆ. ಆಟಗಾರರು ಕ್ಲಬ್ಬು ಬದಲಿಸುವ ಕಾಲ ಇದು. ಮೊದಲನೆಯ ದಿನವೇ ಫುಟ್‌ಬಾಲ್ ಸಂಸ್ಥೆಯ ಕಚೇರಿಗೆ ಹೋಗಿ ಒಂದು ಕ್ಲಬ್ಬಿಗೆ ಸಹಿ ಮಾಡಿದವನು ಕೊನೆಯ ದಿನ ಸಂಜೆ ಐದರೊಳಗೆ ಬಂದು ಸಹಿ ಹಿಂತೆಗೆದುಕೊಂಡರೆ ಇನ್ನೊಂದು ಕ್ಲಬ್ಬಿಗೆ ಹೋಗಬಹುದು. ಆದ್ದರಿಂದ ಸಹಿ ಹಾಕಿಸುವುದು ಸುಲಭ. ಹಾಕಿದ ಮೇಲೆ ಹದಿನೈದು ದಿನ ಹುಡುಗ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುವುದೇ ಕಷ್ಟ. ದೊಡ್ಡ ಕ್ಲಬ್ಬುಗಳ ಕಡೆಯವರು ಕಾರು ತೆಗೆದುಕೊಂಡು ಊರೂರು ಹುಡುಕುತ್ತಾರೆ. ಸಿಕ್ಕಿದರೆ ಬ್ಯಾಂಕಿನ ಕೆಲಸ, ತಂಗಿಯ ಮದುವೆ, ಕೈಗಡಿಯಾರ. ತಮ್ಮ ನೃಪೇನ್ ಕಾರ್ಯದರ್ಶಿಯಾಗಿರುವ ಪ್ರಭಾತ ಸಂಘದ ಬಳಿ ಇರುವುದು ಮೈದಾನದ ಅಂಚಿನಲ್ಲಿ ಸೋರುವ ಒಂದು ಡೇರೆ, ಆಟವಾದ ಮೇಲೆ ಕೊಡುವ ಬ್ರೆಡ್ಡು ಮತ್ತು ಸ್ಟೂ, ಮತ್ತು ಹಿರಣ್ಮಯಿ.

ಹಿರಣ್ಮಯಿ ಮೈದಾನಕ್ಕೆ ಕಾಲಿಟ್ಟವಳಲ್ಲ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಾಗ ಬಿಡುವಿನಲ್ಲಿ ಪತ್ರಿಕೆಯ ಕೊನೆಯ ಪುಟದ ಮೂಲೆ ಓದುವ ಚಟ ಹತ್ತಿತ್ತು. ಜಿಲ್ಲೆಗಳ ಪಂದ್ಯಗಳ ಫಲಿತಾಂಶ ಅಲ್ಲಿ ಇರುವೆಯಂಥ ಅಕ್ಷರದಲ್ಲಿ ಬರುತ್ತಿತ್ತು. ಬಾಲೂರ್‌ಘಾಟ್, ಜಲ್ಪಾಯ್‌ಗುಡಿ, ದಿನ್‌ಹಾಟಾ. ಗೋಲು ಹೊಡೆದವರ ಹೆಸರು, ಅಷ್ಟೆ. ಮೂರು ವರ್ಷ ಒಂದೇ ಹೆಸರು, ಅದೂ ಕೆಸರಿನ ತಿಂಗಳುಗಳಲ್ಲಿ ಬಂದರೆ ಅವಳು ತಮ್ಮನಿಗೆ ಒಂದು ಕಾರ್ಡು ಬರೆಯುವಳು. ಒಣ ನೆಲದಲ್ಲಿ ಎಲ್ಲರೂ ಓಡುತ್ತಾರೆ, ಆಷಾಢದಲ್ಲಿ ಯಾರು ಓಡುತ್ತಾನೆ ನೋಡು ಎನ್ನುವುದು ಅವಳ ಲೆಕ್ಕ. ದುಡ್ಡಿದ್ದವರು ಹಣ್ಣು ಕೊಳ್ಳುತ್ತಾರೆ, ನಾವು ಹೂವು ನೋಡಿ ಮರ ಹಿಡಿಯಬೇಕು ಎಂದು ನೃಪೇನ್ ಡೇರೆಯಲ್ಲಿ ಎಲ್ಲರೆದುರು ಹೇಳುವ ಮಾತು ಮೂಲತಃ ಅವಳದೇ. ಹಾಗೆ ಸಿಕ್ಕಿದವನು ಖಗೇನ್ ಬರ್ಮನ್. ಕೂಚ್‌ಬಿಹಾರದ ಕಡೆಯವನು, ಇಪ್ಪತ್ತರ ಹರೆಯ, ಎಡ ಅಂಚಿನಲ್ಲಿ ಆಡುವವನು. ಎರಡು ವರ್ಷ ಪ್ರಭಾತ ಸಂಘಕ್ಕೆ ಆಡಿ, ಈಗ ಎಲ್ಲರಿಗೂ ಬೇಕಾದವನಾಗಿದ್ದ. ಉಂಡ ತಟ್ಟೆಯಿಂದ ಮುಳ್ಳುಗಳನ್ನು ತಾನೇ ಎತ್ತಿ ಕಾಗದದಲ್ಲಿ ಸುತ್ತಿ, ಬಾಣಲೆಯನ್ನೂ ತಾನೇ ಉಜ್ಜಿಡುತ್ತಿದ್ದ. ‘ನೀವು ಮುಟ್ಟಬೇಡಿ ಪಿಸಿಮಾ, ನಿಮಗೆ ನಿಷಿದ್ಧ’ ಎನ್ನುತ್ತಿದ್ದ, ಅವಳನ್ನು ಸೋದರತ್ತೆಯೆಂದೇ ಬಗೆದವನು. ಹಿಂದಿನ ಆರು ಜನರಲ್ಲಿ ಯಾರಿಗೂ ಇದು ತೋಚಿರಲಿಲ್ಲ.

ಹಿಂದಿನವರಲ್ಲಿ ಒಬ್ಬ ಅನಾದಿ. ಗೋಲ್‌ಕೀಪರು. ಅವನ ಹೆಸರು ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತದೆ. ನಾಲ್ಕು ವರ್ಷದ ಹಿಂದೆ ಅವನ ಸೋದರಮಾವನೆಂದು ಹೇಳಿಕೊಂಡು ಒಬ್ಬ ಬಂದಿದ್ದ. ತಾಯಿಗೆ ಕಾಯಿಲೆ ಜೋರಾಗಿದೆ, ಹುಡುಗನನ್ನು ಒಮ್ಮೆ ಕಳಿಸಿ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅನಾದಿ ಯಾವ ಕೈಯಿಂದ ಚೆಂಡೆಸೆಯುತ್ತಾನೆ, ಯಾವ ಮೊಣಕಾಲಿಗೆ ಪೆಟ್ಟಾಗಿದೆ, ಎಲ್ಲ ಹೇಳಿದ. ಮೇಲೆ ಮಲಗಿದ್ದ ಅನಾದಿಯನ್ನು ಅವಳೇ ಎಬ್ಬಿಸಿ, ದಾರಿಗೆಂದು ಲುಚಿ ಪೂರಿ ಕಟ್ಟಿ ಕಳಿಸಿದಳು. ಟ್ಯಾಕ್ಸಿ ನೇರವಾಗಿ ದೊಡ್ಡ ಕ್ಲಬ್ಬಿನ ಬಿಡಾರಕ್ಕೆ ಹೋಯಿತು. ತಾಯಿ ಗಟ್ಟಿಮುಟ್ಟಾಗಿ ಬೇಳೆ ಒಣಗಿಸುತ್ತಿದ್ದಳಂತೆ. ನೃಪೇನ್ ಒಂದು ತಿಂಗಳು ಈ ಮನೆಗೆ ಬರಲಿಲ್ಲ. ಬಂದ ದಿನ ‘ಕರುಣೆ ಇರೋರು ಬಾಗಿಲು ಕಾಯೋಕಾಗಲ್ಲ ದಿದಿ’ ಎಂದ. ದೇಶ ಒಡೆದಾಗ ಪೂರ್ವ ಬಂಗಾಳದ ಪಾಬ್ನಾದಿಂದ ಎಲ್ಲ ಬಿಟ್ಟು ಬರುವಾಗ ಸ್ಟೀಮರಿನಲ್ಲಿ ಎರಡು ರಾತ್ರಿ ಅವನ ಅಂಗಿಯ ಚುಂಗು ಹಿಡಿದುಕೊಂಡೇ ನಿದ್ದೆಗೆಟ್ಟವಳಿಗೆ ಆ ಮಾತು ಹೇಳಿದ. ಆದರೂ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ವರ್ಷ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುವುದರಿಂದ ಒಂದೇ ಅಂಕದಲ್ಲಿ ಉಳಿದಿತ್ತು.

ಅದಕ್ಕೇ ಮಂಗಳವಾರ ಅವಳು ಬಾಗಿಲನ್ನು ಅರ್ಧವೇ ತೆರೆದದ್ದು. ಕೊಡೆ, ಅವಲಕ್ಕಿಯ ಗಂಟು, ಉತ್ತರದ ಕಡೆಯ ಎಳೆದು ಎಳೆದು ಆಡುವ ಮಾತು. ತಾನು ಧನೇಶ್ವರ್, ಹುಡುಗನ ಸೋದರಮಾವ, ಡೇರೆಯಲ್ಲಿ ಯಾರೋ ಮಾಲಿ ಈ ವಿಳಾಸ ಕೊಟ್ಟ. ಅಕ್ಕನಿಗೆ ಮೈಯೆಲ್ಲ ನೀರು ತುಂಬಿದೆ, ಅನ್ನ ಬಿಟ್ಟು ಒಂಬತ್ತು ದಿನವಾಯಿತು. ಅವಳು ಕಲಿತಿದ್ದ ಪರೀಕ್ಷೆ ಮಾಡಿದಳು. “ಸೋದರಮಾವ ಅಂತೀಯಲ್ಲ, ನಿನ್ನ ಹುಡುಗ ಯಾವ ಕಾಲಲ್ಲಿ ಒದೀತಾನೆ, ಹೇಳು ನೋಡೋಣ.” ಅವನು ತಬ್ಬಿಬ್ಬಾದ. “ಅದು ಗೊತ್ತಿಲ್ಲ ಮಾ. ಅವನ ಆಟ ನಾನು ನೋಡೇ ಇಲ್ಲ, ಹೊಲ ಬಿಟ್ಟು ಬರೋಕಾಗಲ್ಲ. ಚಿಕ್ಕೋನಿದ್ದಾಗ ಎಡಗೈಲಿ ಉಣ್ತಿದ್ದ, ಅಕ್ಕ ಹೊಡೆದು ಹೊಡೆದು ಬಿಡಿಸಿದ್ಲು.” ಹೀಗೆಲ್ಲಾ ಹೇಳುವಾಗ ಅವನ ಕಣ್ಣು ಬಾಗಿಲ ಮೂಲೆಯಲ್ಲಿದ್ದ ದೊಡ್ಡ ರಬ್ಬರ್ ಚಪ್ಪಲಿಗಳ ಮೇಲೆ ಬಿತ್ತು. ವಿಧವೆ ಒಬ್ಬಳೇ ಇರುವ ಮನೆ. ಅವನು ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು. ಕಲ್ಕತ್ತೆಯವನಾಗಿದ್ದರೆ ಚಪ್ಪಲಿ ತೋರಿಸಿ ಬೀದಿ ಸೇರಿಸುತ್ತಿದ್ದ. ಇವನು ಕೊಡೆ ಮಡಚಿ, ಕುಡಿಯಲು ನೀರು ಕೇಳಿದ. “ಅಂಥೋರು ಯಾರೂ ಇಲ್ಲಿಲ್ಲ” ಎಂದು ಅವಳು ಆಗಲೇ ಹೇಳಿಯಾಗಿತ್ತು.

ಸಂಜೆ ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಎಲ್ಲವನ್ನೂ ಅಲ್ಲ; ಒಂದನ್ನು ಬಿಟ್ಟು. ಆ ಒಂದರ ಹತ್ತಿರ ಮನಸ್ಸು ಹೋದಾಗಲೆಲ್ಲ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ನೃಪೇನ್ ಅವಳ ಭುಜದ ಮೇಲೆ ಕೈಯಿಟ್ಟು, ‘ನಾನು ವಿಚಾರಿಸ್ತೀನಿ, ಹುಡುಗನ ಕಿವಿಗೆ ಹಾಕ್ಬೇಡ’ ಎಂದ. ಬುಧವಾರ ಬಂದು, ‘ವಿಚಾರಿಸಿದೆ ದಿದಿ. ನಾಟಕ. ಅವರ ಕಡೆಯವನೇ. ಈ ಸಲ ನೀನು ಗೆದ್ದೆ’ ಎಂದ. ಅವಳ ರಕ್ತದೊತ್ತಡದ ಮಾತ್ರೆಯನ್ನೂ ತಂದಿದ್ದ, ಹೇಳದೆಯೇ. ಅವತ್ತು ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಅನಾದಿಯ ಸಾಲ ತೀರಿತೆಂಬಂತೆ.

ಮೀನು ಎಣ್ಣೆಗೆ ಬಿದ್ದು ಸದ್ದು ಮಾಡುತ್ತಿರುವಾಗಲೇ ಗಲ್ಲಿಯಲ್ಲಿ ಕಾರು ನಿಂತ ಸದ್ದಾಯಿತು. ಹತ್ತು ಗಂಟೆ. ಇವತ್ತೇ ಕೊನೆಯ ದಿನ; ನೃಪೇನ್ ಬರಬೇಕಾದದ್ದು ಸಂಜೆ, ಐದು ಹೊಡೆದ ಮೇಲೆ, ಕೈಯಲ್ಲಿ ಸಿಹಿಯ ಮಡಕೆ ಹಿಡಿದು. ಪ್ರತಿ ವರ್ಷದ ಪದ್ಧತಿ ಅದು. ಅವಳು ಒಲೆಯ ಕೆಂಡ ಹಿಂದಕ್ಕೆಳೆದು, ಕೈ ತೊಳೆದು ಬರುವಷ್ಟರಲ್ಲಿ ಅವನು ಒಳಗೆ ಬಂದಿದ್ದ. ಹಿಂದೆ ಒಬ್ಬ ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಧೋತಿ, ಜುಬ್ಬ. ಹೊಸ್ತಿಲಲ್ಲೇ ಷೂ ಬಿಚ್ಚಿ, ಕೈ ಮುಗಿದ. ಹೊರಗೆ ಬಿಳಿಯ ಅಂಬಾಸಿಡರ್ ಗಲ್ಲಿಯ ಎರಡು ಗೋಡೆಗಳ ನಡುವೆ ಒತ್ತರಿಸಿಕೊಂಡು ನಿಂತಿತ್ತು. ಪ್ರಭಾತ ಸಂಘಕ್ಕೆ ಕಾರಿಲ್ಲ.

“ದಿದಿ, ಇವರು ದತ್ತಗುಪ್ತ ಬಾಬು” ಎಂದ ನೃಪೇನ್. ಯಾವ ಕ್ಲಬ್ಬಿನವರೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ಮುಖ ಪತ್ರಿಕೆಯ ಕೊನೆಯ ಪುಟದ ದೊಡ್ಡ ಅಕ್ಷರಗಳ ಪಕ್ಕ ಎಷ್ಟು ಸಲ ಬಂದಿಲ್ಲ.

“ನಿಮ್ಮ ಬಗ್ಗೆ ನೃಪೇನ್ ಬಾಬು ಯಾವಾಗ್ಲೂ ಹೇಳ್ತಿರ್ತಾರೆ” ಎಂದ ದತ್ತಗುಪ್ತ, ನಿಜವಾದ ಗೌರವದಿಂದ. “ಪಾಪ, ಆ ಹುಡುಗನಿಗೆ ತಾಯಿ ವಿಷಯ ಹೇಳಿದ್ರಾ? ತಡ ಮಾಡೋದು ಬೇಡ. ನೃಪೇನ್ ಬಾಬು ಬುಧವಾರ ತಿಳಿಸಿದ ಕೂಡ್ಲೇ ನಾವು ಸಿಲಿಗುರಿಯಿಂದ ಒಬ್ಬ ಡಾಕ್ಟರನ್ನ ಕಳಿಸಿದ್ವಿ. ಹಾಸಿಗೆ ಬಿಟ್ಟು ಏಳ್ತಿಲ್ಲ. ಮಗನನ್ನ ಕೇಳ್ತಾನೇ ಇದಾಳಂತೆ.”

ಹಿರಣ್ಮಯಿ ತಮ್ಮನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. ಐವತ್ತೊಂದು ವರ್ಷದವನು, ಕೆನ್ನೆಯ ಮೇಲೆ ಕ್ಷೌರದ ಗಾಯ. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಬಗೆಯ ನಾಚಿಕೆ. ಪರರ ಎದುರು ತನ್ನ ಸೆರಗು ಜಾರಿದಂಥದ್ದು. ಈ ಮನುಷ್ಯನಿಗೆ ಬುಧವಾರದಿಂದ ಗೊತ್ತು. ಸಿಲಿಗುರಿಯ ಡಾಕ್ಟರಿಗೆ ಗೊತ್ತು. ಕಾರಿನ ಚಾಲಕನಿಗೂ ಗೊತ್ತಿರಬಹುದು. ಮೂರು ದಿನದಿಂದ ತಾನು ಮಾತ್ರ ಮೀನು ಹುರಿಯುತ್ತಿದ್ದೇನೆ.

“ಯಾರಿಂದ ಬಚ್ಚಿಟ್ಟಿದ್ದು ನಾನು?” ಎಂದಳು.

“ದಿದಿ, ಒಳಗೆ ಬಾ, ಹೇಳ್ತೀನಿ.”

“ಇಲ್ಲೇ ಹೇಳು. ಇವರಿಂದ ಅಂದ್ಕೊಂಡಿದ್ದೆ. ಇವರು ನನ್ನ ಮನೇಲಿ ನಿಂತಿದಾರೆ.”

ದತ್ತಗುಪ್ತ ಮೆಲ್ಲನೆ ಅಂಗಳಕ್ಕೆ ಹೋಗಿ, ಅವರ ಕಡೆ ಬೆನ್ನು ಮಾಡಿ, ತುಳಸಿಯ ಕಡೆ ನೋಡುತ್ತ ನಿಂತ. ಒಳ್ಳೆಯ ಮನೆತನದವನು.

“ಇನ್ನೊಂದು ದೊಡ್ಡ ಕ್ಲಬ್ಬಿತ್ತಲ್ಲ ದಿದಿ, ಅವರಿಂದ” ಎಂದ ನೃಪೇನ್, ತಗ್ಗಿದ ದನಿಯಲ್ಲಿ. “ಮೊದಲ ದಿನವೇ ಇವರ ಜೊತೆ ಮಾತಾಗಿತ್ತು, ಕೊನೇ ದಿನದವರೆಗೂ ಅವರಿಗೆ ಸುಳಿವು ಸಿಗಬಾರದಿತ್ತು. ನಮ್ಮ ಅಧ್ಯಕ್ಷರೂ ಒಪ್ಪಿದ್ರು. ಖಗೇನನ್ನ ಕೊಟ್ರೆ ಇವರ ಹೆಚ್ಚುವರಿ ಆಟಗಾರರಲ್ಲಿ ಮೂರು ಜನ ನಮಗೆ, ಡೇರೆಗೆ ಹೊಸ ಚಾವಣಿ. ಎಷ್ಟು ಜನರನ್ನ ಹುಡುಕಿದ್ವಿ ನಾವಿಬ್ರು? ಒಬ್ಬನಾದ್ರೂ ಮೂರನೇ ವರ್ಷ ಉಳಿದ್ನಾ? ಕಿತ್ಕೊಂಡ್ರು, ನಾವು ಬಾಯ್ ಬಾಯ್ ಬಡ್ಕೊಂಡ್ವಿ. ಈ ಸಲ ಕಿತ್ಕೊಳ್ಳೋಕೆ ಮುಂಚೆ ನಾನೇ ಕೊಟ್ಟೆ. ಬಡ ಕ್ಲಬ್ಬು ಬದುಕೋಕೆ ಬೇರೆ ದಾರಿ ಇದ್ರೆ ನೀನೇ ಹೇಳು. ನಂಗೆ ಬುದ್ಧಿ ಕಲಿಸಿದೋಳು ನೀನು.”

“ಸೋದರಮಾವ ನಾಟಕ ಅಂದೆ.”

“ನಿಜ ಅಂದಿದ್ರೆ ನೀನು ಅವತ್ತೇ ಕಳಿಸ್ತಿದ್ದೆ.”

ಅದು ಸರಿಯಾದ ಮಾತು. ತಮ್ಮನಿಗೆ ಅವಳು ಎಷ್ಟು ಚೆನ್ನಾಗಿ ಗೊತ್ತು. ಎಲ್ಲಿ ಮೃದು, ಎಲ್ಲಿ ಹೆದರಿಕೆ, ಅನಾದಿಯ ಗಾಯ ಎಷ್ಟು ಆಳ, ಯಾವ ಮಾತ್ರೆಗೆ ನಿದ್ದೆ ಬರುತ್ತದೆ. ಅವಳು ಜಿಲ್ಲೆಯ ಹುಡುಗರನ್ನು ಸಣ್ಣ ಅಕ್ಷರದಲ್ಲಿ ಓದುತ್ತಿದ್ದಂತೆ ಅವನು ಅವಳನ್ನು ಓದಿಕೊಂಡಿದ್ದ. ಎದುರಾಳಿಯ ಅಂಗಳದಲ್ಲಿ ಜಾಗ ಎಲ್ಲಿದೆ ನೋಡಿ ಚೆಂಡು ಕಳಿಸು ಎನ್ನುತ್ತಾರಲ್ಲ, ಆ ಜಾಗ ತಾನು. ಪಾಬ್ನಾದ ಸ್ಟೀಮರಿನಲ್ಲಿ ಅವನು ಅತ್ತಿರಲಿಲ್ಲ, ಈಗ ನೆನಪಾಯಿತು. ಚುಂಗು ಹಿಡಿದ ಅವಳ ಕೈಯನ್ನೇ ನೋಡುತ್ತ, ಬಿಡಿಸಿಕೊಳ್ಳದೆ, ಸುಮ್ಮನೆ ಕೂತಿದ್ದ. ಆ ಕಾಲದಲ್ಲಿ ಅದನ್ನು ಪ್ರೀತಿ ಎಂದುಕೊಂಡಿದ್ದಳು. ಪ್ರೀತಿಯೇ ಇರಬೇಕು. ಇಲ್ಲದಿದ್ದರೆ ಮಾತ್ರೆ ಯಾಕೆ ತರುತ್ತಿದ್ದ.

ಅವಳು ಮಹಡಿಯ ಮೆಟ್ಟಿಲ ಕಡೆ ಹೆಜ್ಜೆಯಿಟ್ಟಳು. ನೃಪೇನ್ ಅಡ್ಡ ಬಂದ. “ಈಗ್ಲೇ ಬೇಡ ದಿದಿ. ಕಚೇರೀಲಿ ಹತ್ತು ನಿಮಿಷದ ಕೆಲಸ. ಹಳೇ ಸಹಿ ತೆಗೆದು ಹೊಸದು ಹಾಕ್ಲಿ. ಆಮೇಲೆ ನಾನೇ ಹೇಳ್ತೀನಿ, ನಮ್ಮಪ್ಪನಾಣೆ. ಈಗ ಹೇಳಿದ್ರೆ ನೇರ ಸೀಲ್ದಾಕ್ಕೆ ಓಡ್ತಾನೆ, ರೈಲು ಹತ್ತಿ ಕೂರ್ತಾನೆ. ಐದು ಗಂಟೆ ದಾಟಿದ್ರೆ ಎಲ್ಲ ಹಾಳು.”

ಓಡಲಿ, ಎಂದುಕೊಂಡಳು. ಓಡಿದರೆ ಹಳೆಯ ಸಹಿಯೇ ನಿಲ್ಲುತ್ತದೆ. ಖಗೇನ್ ಪ್ರಭಾತ ಸಂಘದಲ್ಲೇ ಉಳಿಯುತ್ತಾನೆ. ಆ ಯೋಚನೆ ಬಲು ಚುರುಕಾಗಿ ಬಂದಿತ್ತು. ಅಲ್ಲೊಬ್ಬ ತಾಯಿ ಮೈಯೆಲ್ಲ ನೀರು ತುಂಬಿ ಮಲಗಿದ್ದಾಳೆ. ಇಲ್ಲಿ ತಾನು ಆ ಸುದ್ದಿಯನ್ನು ಯಾವ ಹೊತ್ತಿಗೆ ಒದ್ದರೆ ಗೋಲಾಗುತ್ತದೆಂದು ನೋಡುತ್ತಿದ್ದೇನೆ. ನೃಪೇನನಿಗೆ ಬುದ್ಧಿ ಕಲಿಸಿದವಳು. ಹೌದು. ಇದನ್ನೂ ತಾನೇ ಕಲಿಸಿರಬೇಕು. ಹೇಳಿದರೂ ಆಟ, ಹೇಳದಿದ್ದರೂ ಆಟ ಎನ್ನುವಾಗ ಏನು ಮಾಡುವುದು? ಹಿತ್ತಿಲಿನಿಂದ ಸಾಸಿವೆಯೆಣ್ಣೆಯ ಘಾಟು ಬಂತು. ಮೇಲೆ ಖಗೇನ್ ನಡೆದಾಡುವ ಸಪ್ಪಳ. ಸುತ್ತಿದ ಕಾಲುಚೀಲವನ್ನು ಗೋಡೆಯಿಂದ ಗೋಡೆಗೆ ತಳ್ಳುತ್ತ ಹದಿನೈದು ದಿನ ಕಳೆದಿದ್ದ, ಸದ್ದಾಗದಂತೆ.

“ಖಗೇನ್, ಕೆಳಗೆ ಬಾ ಅಪ್ಪ” ಎಂದು ಕರೆದಳು.

ಅವನು ಬನಿಯನ್ನಿನಲ್ಲೇ ಇಳಿದು ಬಂದ. ನೃಪೇನನನ್ನು ನೋಡಿ ಮುಖ ಅರಳಿಸಿ, “ಕಾಕಾ, ಮುಗೀತಾ? ಮೈದಾನಕ್ಕೆ ಹೋಗೋಣ್ವಾ?” ಎಂದ. ಹಿರಣ್ಮಯಿ ನಿಂತಲ್ಲೇ ಹೇಳಿದಳು. ಉಪಾಧ್ಯಾಯಿನಿಯ ದನಿಯಲ್ಲಿ, ಒಂದಾದ ಮೇಲೊಂದು: ನಿನ್ನ ತಾಯಿಗೆ ಜೋರಾಗಿದೆ. ಸೋದರಮಾವ ಹುಡುಕಿಕೊಂಡು ಬಂದಿದ್ದ. ನೀನಿಲ್ಲ ಎಂದು ಹೇಳಿ ಕಳಿಸಿದವಳು ನಾನು.

“ಯಾವತ್ತು?”

“ಮಂಗಳವಾರ.”

“ಇವತ್ತು ಯಾವ ವಾರ ಪಿಸಿಮಾ?”

“ಶನಿವಾರ.”

ಅವನ ತುಟಿ ಅಲುಗಿತು, ದಿನ ಎಣಿಸುವವನಂತೆ. ಆಮೇಲೆ, “ಮಾಮಾ ಏನಾದ್ರೂ ತಿಂದ್ರಾ ಇಲ್ಲಿ?” ಎಂದು ಕೇಳಿದ.

“ನೀರು ಕುಡಿದ.”

ಅವನು ತಲೆಯಾಡಿಸಿದ. ನೃಪೇನ್ ಅವನ ಹೆಗಲು ಹಿಡಿಯಹೋದ. ಅವನು ಹೆಗಲನ್ನು ಹಿಂದಕ್ಕೆ ಸರಿಸಿದ, ಅಂಚಿನಲ್ಲಿ ಎದುರಾಳಿಯನ್ನು ತಪ್ಪಿಸುವಂತೆ ಹಗುರವಾಗಿ, ನೋಡದೆಯೇ. ಅಂಗಳದಿಂದ ದತ್ತಗುಪ್ತ ಒಳಗೆ ಬಂದು ಮೃದುವಾಗಿ ಹೇಳಿದ: “ರೈಲಿನಲ್ಲಿ ಹೋದ್ರೆ ನಾಳೆ ಸಂಜೆ ಆಗುತ್ತೆ ಮಗು. ಎರಡು ಗಂಟೆಗೆ ಬಾಗ್‌ಡೋಗ್ರಾ ವಿಮಾನ ಇದೆ, ನಿನ್ನ ಹೆಸರಲ್ಲಿ ಚೀಟಿ ತೆಗೆಸಿದೀವಿ. ಅಲ್ಲಿ ಜೀಪು ನಿಂತಿರುತ್ತೆ. ಇವತ್ತೇ ಮನೆ ಸೇರ್ತೀಯ. ಸಂಸ್ಥೆ ಕಚೇರಿ ದಾರೀಲೇ ಸಿಗುತ್ತೆ.”

ಪ್ರಭಾತ ಸಂಘದ ಇಡೀ ವರ್ಷದ ಓಡಾಟದಲ್ಲಿ ಯಾರೂ ವಿಮಾನ ಹತ್ತಿಲ್ಲ. ದುಡ್ಡಿದ್ದವರು ಕಾಲು ಕೊಳ್ಳುತ್ತಾರೆ, ನಾವು ಕಾಲವನ್ನು ನಂಬುತ್ತೇವೆ ಎಂದು ಅವಳು ಒಂದು ಕಾರ್ಡಿನಲ್ಲಿ ಬರೆದಿದ್ದಳು. ಈಗ ನೋಡಿದರೆ ಕಾಲವನ್ನೂ ಅವರೇ ಕೊಂಡಿದ್ದಾರೆ. ಒಂದು ಹಗಲು ಒಂದು ರಾತ್ರಿ. ಅವಳು ದತ್ತಗುಪ್ತನ ಮುಖವನ್ನೇ ನೋಡುತ್ತ ಕಾದಳು. ಸಹಿ ಮಾಡದಿದ್ದರೂ ವಿಮಾನ ಹತ್ತಿಸುತ್ತೇವೆ ಎಂದು ಅವನು ಹೇಳಬಹುದು, ಇಷ್ಟು ಸಜ್ಜನನಾದವನು ಹೇಳಿಯೇ ಹೇಳುತ್ತಾನೆ. ಅವನು ಹೇಳಲಿಲ್ಲ. ಹೇಳಬಾರದೆಂದಲ್ಲ, ಅದು ಅವನಿಗೆ ಹೊಳೆಯಲೇ ಇಲ್ಲವೆಂಬಂತೆ ಗಡಿಯಾರ ನೋಡಿಕೊಂಡ. ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಖಗೇನ್, “ಎಲ್ಲಿ ಬೇಕಾದ್ರೂ ಹಾಕ್ತೀನಿ ಬಾಬು. ಎಷ್ಟು ಬೇಕಾದ್ರೂ ಹಾಕ್ತೀನಿ. ಕಾರು ಹೊರಡ್ಲಿ” ಎಂದ.

ಅಂಗಿ ತೊಟ್ಟು ಬರಲು ಮೇಲೆ ಹೋದವನು ಎರಡೇ ನಿಮಿಷದಲ್ಲಿ ಚೀಲ ಹಿಡಿದು ಇಳಿದ. ಹಿರಣ್ಮಯಿ ಬಾಗಿಲ ಪಕ್ಕ ನಿಂತಿದ್ದಳು. ಅನ್ನ ಕಟ್ಟಿಕೊಡಲೆ ಎಂದು ಕೇಳಲು ಧೈರ್ಯ ಬರಲಿಲ್ಲ. ನೃಪೇನ್ ಅವಳ ಮುಂದೆ ಹಾದುಹೋಗುವಾಗ ತಗ್ಗಿದ ದನಿಯಲ್ಲಿ “ಮಾತ್ರೆ ತಗೋ” ಎಂದ. ಖಗೇನ್ ಹೊಸ್ತಿಲು ದಾಟಿ, ಗಲ್ಲಿಗಿಳಿದು, ಕಾರಿನ ಬಾಗಿಲಿಗೆ ಕೈಯಿಟ್ಟು ತಿರುಗಿದ.

“ಪಿಸಿಮಾ, ಮಾಮಾ ನನ್ನ ಯಾವ ಹೆಸರು ಹೇಳಿ ಕೇಳಿದ್ರು?”

ಹುಡುಗ ಅವಳನ್ನು ಉಳಿಸಲೆಂದೇ ಕೇಳುತ್ತಿದ್ದ. ಆ ಕಣ್ಣುಗಳಲ್ಲಿ ಅದಿತ್ತು. ‘ಖಗೇನ್ ಬರ್ಮನ್’ ಎಂದು ಕೇಳಿದ ಎಂದರೆ ಸಾಕು. ಆ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಊರಿನ ಯಾವ ಬೇಹುಗಾರನೂ ಹೇಳಬಲ್ಲ, ಅವಳು ಮೋಸ ಹೋದದ್ದು ಸಹಜ ಎಂದಾಗುತ್ತದೆ. ಆದರೆ ಮಂಗಳವಾರ ಅರ್ಧ ತೆರೆದ ಬಾಗಿಲಿನ ಆಚೆ ಆ ಮನುಷ್ಯ ಮೊದಲು ಹೇಳಿದ್ದೇ ಬೇರೆ ಹೆಸರು. ಮನೆಯವರು ಮಾತ್ರ ಕೂಗುವ, ಹೊರಗೆ ಯಾರಿಗೂ ಗೊತ್ತಿರದ ಹೆಸರು. ಈ ಮನೆಗೆ ಬಂದ ಮೊದಲ ದಿನ ಊಟಕ್ಕೆ ಕೂತಾಗ ‘ಮನೇಲಿ ನಿನ್ನ ಏನಂತ ಕರೀತಾರೋ’ ಎಂದು ಕೇಳಿದ್ದಕ್ಕೆ ಖಗೇನ್ ನಾಚಿಕೊಂಡು ಅವಳೊಬ್ಬಳಿಗೇ ಹೇಳಿದ್ದ. ಬಾಗಿಲಲ್ಲಿ ಅದು ಕಿವಿಗೆ ಬಿದ್ದ ಕ್ಷಣವೇ ಅವಳಿಗೆ ಗೊತ್ತಾಗಿತ್ತು. ಕಾಲಿನ ಪ್ರಶ್ನೆ ಕೇಳಿದ್ದು ಅದಾದ ಮೇಲೆ. ನೃಪೇನ್ ಸುಳ್ಳು ಹೇಳುವುದಕ್ಕೆ ಇಡೀ ಒಂದು ದಿನ ಮೊದಲು.

“ಬುಡು ಅಂತ” ಎಂದಳು. “ಬುಡು ಇದಾನಾ, ಅಂತ ಕೇಳಿದ.”

ಖಗೇನ್ ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕ ಕೂತು ಬಾಗಿಲು ಎಳೆದುಕೊಂಡ.

ಆ ಗಲ್ಲಿಯಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ಬಂದದ್ದು ಹಾಗೇ ಹಿಂದಕ್ಕೆ, ದೊಡ್ಡ ರಸ್ತೆಯವರೆಗೂ ಹೋಗಬೇಕು. ಚಾಲಕ ಕತ್ತು ಹೊರಳಿಸಿ ಹಿಂದೆ ನೋಡುತ್ತ, ಗೋಡೆಗೆ ತಾಕದಂತೆ, ಅಂಗುಲ ಅಂಗುಲವಾಗಿ ಸರಿಸತೊಡಗಿದ. ಹಿಂದಿನ ಸೀಟಿನಲ್ಲಿ ನೃಪೇನ್ ತಲೆ ತಗ್ಗಿಸಿದ್ದ. ಮುಂದಿನ ಗಾಜಿನ ಹಿಂದೆ ಖಗೇನನ ಮುಖ ನೇರವಾಗಿ ಅವಳ ಕಡೆಗೇ ಇತ್ತು. ತಿರುಗಿಸಿಕೊಳ್ಳಲು ಅವನು ಯತ್ನಿಸಲಿಲ್ಲ, ಅವಳೂ ಒಳಗೆ ಹೋಗಲಿಲ್ಲ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಅಷ್ಟುದ್ದ ಗಲ್ಲಿ ಮುಗಿಯುವವರೆಗೂ ಆ ಮುಖ ಅವಳನ್ನು ನೋಡುತ್ತಲೇ ಸಣ್ಣದಾಗುತ್ತ ಹೋಯಿತು.